ಹೆಣ್ಣು ಗಪ್ಪಿಯನ್ನು ನೋಡಿ: ಮುಂಬಯಿಯ ಮನೆಯಲ್ಲೇ ಲೈಂಗಿಕ ಆಯ್ಕೆಯನ್ನು ಅಳೆಯುವ ಬಗೆ

ಮುಲುಂಡಿನಲ್ಲಿ ನಮ್ಮ ಕಟ್ಟಡದ ಹಿಂದೆ ಒಂದು ಹಳೇ ಬಾವಿ ಇದೆ. ಈಗ ಯಾರೂ ಅದರಿಂದ ನೀರು ಸೇದುವುದಿಲ್ಲ. ಸೊಳ್ಳೆ ಮರಿಗಳನ್ನು ತಿಂದು ಮಲೇರಿಯಾ ತಡೆಯಲಿ ಎಂದು ಮಹಾನಗರಪಾಲಿಕೆಯವರು ಅದಕ್ಕೆ ಗಪ್ಪಿ ಮೀನು ಬಿಡುತ್ತಾರೆ. ಮುಂಬಯಿಯ ಎಷ್ಟೋ ಬಾವಿಗಳಿಗೆ ಹೀಗೆ ಬಿಡುವ ರೂಢಿ ಇದೆ. ಮೀನು ತಂದ ಬಕೆಟ್ಟಿನೊಳಗೆ ಇಣುಕಿದವರೆಲ್ಲ ಗಂಡನ್ನೇ ನೋಡುತ್ತಾರೆ. ಕಿತ್ತಳೆ ಚುಕ್ಕೆ, ಕಪ್ಪು ಬೊಟ್ಟು, ನೀಲಿ ಮಿಂಚು. ಅದರ ಎರಡರಷ್ಟು ದೊಡ್ಡದಾಗಿ, ಬೂದು ಬಣ್ಣದಲ್ಲಿ ಸುಮ್ಮನೆ ತೇಲುವ ಹೆಣ್ಣಿನ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಆದರೆ ಆ ಬಣ್ಣಗಳನ್ನೆಲ್ಲ ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತಾ ಬಂದದ್ದು ಈ ಬೂದು ಹೆಣ್ಣು.

ಇಪ್ಪತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದೆ. ವಿಕಾಸದ ಪಾಠಕ್ಕೆ ಬಂದಾಗ ಪ್ರತಿ ವರ್ಷ ಒಂದೇ ಕೊರತೆ ಕಾಡುತ್ತಿತ್ತು: ಜಿರಾಫೆಯ ಕತ್ತು, ಕುದುರೆಯ ಗೊರಸು, ಲಕ್ಷಾಂತರ ವರ್ಷ. ಮಕ್ಕಳ ಕೈಗೆ ಸಿಗುವಂಥದ್ದು ಒಂದೂ ಇಲ್ಲ. ಗಪ್ಪಿ ಸಿಗುತ್ತದೆ. ಮೂರು ಟ್ಯಾಂಕ್, ಒಂದು ನೋಟ್‌ಬುಕ್, ಒಂದು ಮೊಬೈಲ್ ಮತ್ತು ಏಳೆಂಟು ತಿಂಗಳ ತಾಳ್ಮೆ ಇದ್ದರೆ ಸಾಕು. ನಾನು ಹೇಗೆ ಮಾಡಿದೆ, ಎಲ್ಲಿ ಎಡವಿದೆ ಎನ್ನುವುದನ್ನು ಹಂತ ಹಂತವಾಗಿ ಬರೆಯುತ್ತೇನೆ.

ಏನನ್ನು ನೋಡಲು ಹೊರಟಿದ್ದೇವೆ

ಗಪ್ಪಿ ಮೊಟ್ಟೆ ಇಡುವ ಮೀನಲ್ಲ. ಮೊಟ್ಟೆ ತಾಯಿಯ ಹೊಟ್ಟೆಯೊಳಗೇ ಫಲಿತು, ಬಲಿತು, ಸುಮಾರು ನಾಲ್ಕು ವಾರಕ್ಕೆ ಈಜಬಲ್ಲ ಮರಿಯಾಗಿ ಹೊರಗೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಪ್ಲಾಟಿ, ಮೋಲಿ, ಸ್ವೋರ್ಡ್‌ಟೇಲ್ ಎಲ್ಲ ಇದೇ ಬಳಗ. ಈ ಬಳಗದ ಗಂಡಿಗೆ ಹೊಟ್ಟೆಯಡಿಯ ಹಿಂದಿನ ರೆಕ್ಕೆ ಸಣ್ಣ ಕಡ್ಡಿಯಂತೆ ಮಾರ್ಪಟ್ಟಿರುತ್ತದೆ. ಅದಕ್ಕೆ ಗೊನೊಪೋಡಿಯಂ ಎಂದು ಹೆಸರು. ಅದರ ಮೂಲಕ ಗಂಡು ಹೆಣ್ಣಿನೊಳಗೆ ವೀರ್ಯ ಸೇರಿಸುತ್ತದೆ. ಹೆಣ್ಣು ಆ ವೀರ್ಯವನ್ನು ಹಲವು ತಿಂಗಳು ಒಳಗೇ ಕಾಪಿಟ್ಟುಕೊಳ್ಳಬಲ್ಲದು. ಒಮ್ಮೆ ಕೂಡಿದ ಹೆಣ್ಣು ಮುಂದೆ ಗಂಡಿನ ಮುಖವನ್ನೇ ನೋಡದೆ ಮತ್ತೆ ಮತ್ತೆ ಮರಿ ಹಾಕುವುದು ಇದರಿಂದಲೇ.

ಬಸಿರಿನ ಭಾರವೆಲ್ಲ ಹೆಣ್ಣಿನದು, ಗಂಡಿನ ಪಾಲು ಕ್ಷಣದ್ದು. ಹಾಗಾಗಿ ಯಾವ ಗಂಡಿನ ಮರಿಯನ್ನು ಹೊರಬೇಕು ಎನ್ನುವ ಎಚ್ಚರ ಹೆಣ್ಣಿಗೇ ಹೆಚ್ಚು. ಅದು ಕೆಲವರನ್ನು ಒಪ್ಪಿ ಕೆಲವರನ್ನು ಬಿಟ್ಟರೆ, ಒಪ್ಪಿದವರ ಗುಣ ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತದೆ. ಇದೇ ಲೈಂಗಿಕ ಆಯ್ಕೆ. 1871ರಲ್ಲಿ ಡಾರ್ವಿನ್ ಇದನ್ನು ವಿಸ್ತಾರವಾಗಿ ಬರೆದಾಗ ಕೊಟ್ಟ ಉದಾಹರಣೆಗಳಲ್ಲಿ ಸ್ವೋರ್ಡ್‌ಟೇಲ್ ಗಂಡಿನ ಕತ್ತಿಯಂಥ ಬಾಲವೂ ಒಂದು.

ಹಂತ 1: ಟ್ಯಾಂಕ್ ಮತ್ತು ನೀರು

40 ಲೀಟರಿನ ಒಂದು ಟ್ಯಾಂಕ್ ಹೆಣ್ಣುಗಳಿಗೆ, 20 ಲೀಟರಿನ ಒಂದು ಗಂಡುಗಳಿಗೆ, ಇನ್ನೊಂದು 20 ಲೀಟರಿನದ್ದು ಪರೀಕ್ಷೆಗೆ. ಮರಿಗಳಿಗೆ ಒಂದೆರಡು ಪ್ಲಾಸ್ಟಿಕ್ ಟಬ್. ಮುಂಬಯಿಯ ಹವೆಯಲ್ಲಿ ಹೀಟರ್ ಬೇಕಿಲ್ಲ. ನೀರು 24ರಿಂದ 28 ಡಿಗ್ರಿಯಲ್ಲಿದ್ದರೆ ಗಪ್ಪಿಗೆ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಗ್ಯಾಲರಿಯ ಬಿಸಿಲು ಟ್ಯಾಂಕಿಗೆ ನೇರ ಬೀಳದಂತೆ ನೋಡಿಕೊಳ್ಳಿ.

ನಮಗೆ ಬರುವುದು ಭಾತ್ಸಾ, ತಾನ್ಸಾದಂಥ ಸರೋವರಗಳ ಮಳೆನೀರು. ಅದು ಮೆದು ನೀರು. ಗಪ್ಪಿಗೆ ತುಸು ಗಡಸು ನೀರೇ ಒಗ್ಗುತ್ತದೆ. ಇದಕ್ಕೆ ಮರುವಾಯಿ ತಿನ್ನುವ ಮನೆಯವರಿಗೆ ಸುಲಭದ ದಾರಿ ಇದೆ: ಚಿಪ್ಪುಗಳನ್ನು ಚೆನ್ನಾಗಿ ತೊಳೆದು, ಕುದಿಸಿ, ಒಣಗಿಸಿ, ಒಂದು ಹಿಡಿ ಒಡೆದು ಟ್ಯಾಂಕಿನ ತಳಕ್ಕೆ ಹಾಕಿ. ಸುಣ್ಣದ ಅಂಶ ಮೆಲ್ಲಗೆ ಕರಗುತ್ತದೆ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಾಯಿ ಅಗಲದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಿ, ಅವಸರವಿದ್ದರೆ ಮೀನಿನ ಅಂಗಡಿಯಲ್ಲಿ ಸಿಗುವ ಹೈಪೋ ಹರಳು ಹಾಕಿ. ಒಂದು ಸಲ ನಮ್ಮ ಕಟ್ಟಡದ ಮೇಲಿನ ಟಾಂಕಿ ತೊಳೆದದ್ದು ನನಗೆ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ನೇರ ನಲ್ಲಿಯ ನೀರನ್ನೇ ಕಾಲುಭಾಗ ಬದಲಿಸಿದೆ. ಮಧ್ಯಾಹ್ನದೊಳಗೆ, ಎರಡು ತಿಂಗಳಿಂದ ಸಾಕಿದ ಮೀನುಗಳೆಲ್ಲ ಮಗುಚಿ ತೇಲಿದವು. ಟಾಂಕಿ ತೊಳೆಯುವ ದಿನವನ್ನು ಮೊದಲೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಆ ವಾರ ನೀರು ಬದಲಿಸಬೇಡಿ.

ಹೊಸ ಟ್ಯಾಂಕಿಗೆ ತಕ್ಷಣ ಮೀನು ಬಿಡಬಾರದು. ಸ್ಪಾಂಜ್ ಫಿಲ್ಟರ್ ಹಾಕಿ, ಗಾಳಿ ಪಂಪ್ ಓಡಿಸಿ, ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಮೂರ್ನಾಲ್ಕು ವಾರ ಕಾಯಿರಿ. ಹೇಸಿಗೆಯಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಸ್ಪಾಂಜಿನಲ್ಲಿ ನೆಲೆಯೂರಲು ಅಷ್ಟು ಕಾಲ ಬೇಕು. ಬಳಿಕ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು.

ಹಂತ 2: ಚೆಂದದ ಮೀನು ಕೊಳ್ಳಬೇಡಿ

ಕ್ರಾಫರ್ಡ್ ಮಾರ್ಕೆಟ್ಟಿನ ಮೀನಿನ ಅಂಗಡಿಗಳಲ್ಲಿ ಬೀಸಣಿಗೆಯಂಥ ಬಾಲದ ಗಪ್ಪಿಗಳು ಸಾಲಾಗಿ ತೂಗುತ್ತಿರುತ್ತವೆ. ಅವು ನಮ್ಮ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಆರಿಸಿದ್ದು ಮನುಷ್ಯ. ಒಂದು ತಳಿಯ ಗಂಡುಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುವಾಗ ಹೆಣ್ಣಿಗೆ ಆರಿಸಲು ಉಳಿಯುವುದೇನು? ಅಂಗಡಿಯವರ ಹತ್ತಿರ ದೊಡ್ಡ ಮೀನಿಗೆ ಆಹಾರವಾಗಿ ಮಾರುವ ಅಗ್ಗದ ಕಲಬೆರಕೆ ಗಪ್ಪಿಗಳನ್ನು ಕೇಳಿ. ಗಂಡುಗಳ ಮೈಯಲ್ಲಿ ಒಂದರ ಹಾಗೆ ಇನ್ನೊಂದು ಇರಬಾರದು. ಹದಿನೈದು ಗಂಡು, ಆರೇಳು ತುಂಬು ಬಸಿರಿನ ಹೆಣ್ಣು ಸಾಕು. ಎರಡು ವಾರ ಬೇರೆ ಟಬ್ಬಿನಲ್ಲಿಟ್ಟು, ರೋಗವಿಲ್ಲ ಎಂದು ಖಾತ್ರಿಯಾದ ಮೇಲೆ ಟ್ಯಾಂಕಿಗೆ ಬಿಡಿ.

ಸ್ವೋರ್ಡ್‌ಟೇಲ್ ತರುವ ಆಸೆ ಬರಬಹುದು. ಅದಕ್ಕೆ ಹೆಚ್ಚು ಜಾಗ ಬೇಕು, ಬೆಳೆಯುವುದೂ ನಿಧಾನ. ಶುರುವಿಗೆ ಗಪ್ಪಿಯೇ ಸರಿ.

ಹಂತ 3: ಗಂಡನ್ನೇ ಕಾಣದ ಹೆಣ್ಣುಗಳು

ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಮೊದಲ ವರ್ಷ ನಾನು ಕೆಟ್ಟದ್ದೂ ಇಲ್ಲೇ. ಅಂಗಡಿಯೊಂದರಲ್ಲಿ 'ಬರೀ ಹೆಣ್ಣು, ಗಂಡು ಸೇರಿಸಿಯೇ ಇಲ್ಲ' ಎಂದು ಕೊಟ್ಟ ಮೀನುಗಳು ಮೂರು ವಾರಕ್ಕೆ ಮರಿ ಹಾಕಿದವು. ಒಮ್ಮೆ ಕೂಡಿದ ಹೆಣ್ಣು ಸಾಮಾನ್ಯವಾಗಿ ಗಂಡಿನ ನಾಟ್ಯಕ್ಕೆ ಸೊಪ್ಪು ಹಾಕುವುದಿಲ್ಲ. ಮರಿ ಹಾಕಿದ ನಂತರದ ಕೆಲವೇ ದಿನ ಮಾತ್ರ ಅದಕ್ಕೆ ಮನಸ್ಸಿರುತ್ತದೆ. ಗಂಡಿನ ಸಂಗವೇ ಇಲ್ಲದೆ ಬೆಳೆದ ಹೆಣ್ಣು ಹಾಗಲ್ಲ, ಅದರ ಇಷ್ಟಾನಿಷ್ಟ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಹೆಣ್ಣುಗಳನ್ನು ನಾವೇ ಬೆಳೆಸಿಕೊಳ್ಳಬೇಕು.

ಬಸಿರು ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆ ದಟ್ಟವಾಗಿ, ಹೊಟ್ಟೆ ಚೌಕವಾದಂತೆ ಕಂಡಾಗ ಅದನ್ನು ಜಾವಾ ಮಾಸ್ ಎಂಬ ನೀರುಗಿಡ ತುಂಬಿದ ಟಬ್ಬಿಗೆ ಬಿಡಿ. ಮರಿ ಹಾಕಿದ ಕೂಡಲೇ ತಾಯಿಯನ್ನು ತೆಗೆಯಿರಿ, ಇಲ್ಲದಿದ್ದರೆ ತಾಯಿಯೇ ಮರಿಗಳನ್ನು ತಿನ್ನುತ್ತದೆ. ಮರಿಗಳಿಗೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಸೂಜಿಮೊನೆಯಷ್ಟು ಹಾಕಿ. ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಸೀಗಡಿಯಂಥ ಪುಟ್ಟ ಜೀವಿ) ಸಿಕ್ಕರೆ ಇನ್ನೂ ಒಳ್ಳೆಯದು. ಮಿಕ್ಕಿದ ಹಳದಿ ನೀರನ್ನು ಬೇಗ ಕೆಡಿಸುತ್ತದೆ, ಸಂಜೆಯೊಳಗೆ ಪೈಪಿನಿಂದ ಹೀರಿ ತೆಗೆಯಿರಿ.

ಮೂರು ವಾರ ಕಳೆದದ್ದೇ ಭೂತಗನ್ನಡಿ ಹಿಡಿದು ಕೂರಬೇಕು. ಮರಿಯನ್ನು ಗಾಜಿನ ಲೋಟಕ್ಕೆ ತೆಗೆದು, ಬೆಳಕಿಗೆ ಎದುರಾಗಿ ಹಿಡಿದು, ಹೊಟ್ಟೆಯಡಿಯ ರೆಕ್ಕೆ ನೋಡಿ. ತ್ರಿಕೋನವಾಗಿ, ಬೀಸಣಿಗೆಯಂತೆ ಅಗಲವಾಗಿದ್ದರೆ ಹೆಣ್ಣು. ಅಂಚು ಕಿರಿದಾಗಿ ಹಿಂದಕ್ಕೆ ಚೂಪಾಗುತ್ತಿದ್ದರೆ ಗಂಡು. ಆ ಜಾಗದ ಮೇಲೆ ಸಣ್ಣ ಕಪ್ಪು ಮಚ್ಚೆಯ ನೆರಳು ಕಂಡರೆ ಹೆಣ್ಣೇ. ಸಂಶಯ ಬಂದದ್ದನ್ನು ಗಂಡಿನ ಟಬ್ಬಿಗೇ ಹಾಕಿ. ಹೆಣ್ಣಿನ ಟಬ್ಬಿನಲ್ಲಿ ತಪ್ಪಿ ಉಳಿದ ಒಂದೇ ಒಂದು ಗಂಡು ಮೂರು ತಿಂಗಳ ಶ್ರಮವನ್ನು ಹಾಳು ಮಾಡಬಲ್ಲದು. ನಾಲ್ಕು ವಾರ ತುಂಬುವುದರೊಳಗೆ ಎರಡು ಸಲ ಹೀಗೆ ಸೋಸಬೇಕು. ಗಂಡುಗಳು ಸುಮಾರು ಎರಡು ತಿಂಗಳಿಗೆ ಬಣ್ಣ ತುಂಬಿಕೊಂಡು ಬಲಿಯುತ್ತವೆ, ಹೆಣ್ಣುಗಳಿಗೆ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಮೂರು ತಿಂಗಳು ದಾಟಿದ ಇಪ್ಪತ್ತು ಹೆಣ್ಣು ಕೈಯಲ್ಲಿದ್ದರೆ ಮುಂದುವರಿಯಬಹುದು. ನವೆಂಬರಿನಲ್ಲಿ ಟ್ಯಾಂಕ್ ಸಿದ್ಧ ಮಾಡಿದರೆ ಏಪ್ರಿಲ್ ಹೊತ್ತಿಗೆ ಇಲ್ಲಿಗೆ ತಲುಪುತ್ತೀರಿ.

ಹಂತ 4: ಗಂಡುಗಳ ಜಾತಕ

ಪ್ರತಿ ಗಂಡನ್ನೂ ತೆಳ್ಳಗಿನ ಗಾಜಿನ ಡಬ್ಬಿಯಲ್ಲಿಟ್ಟು, ಹಿಂದೆ ಗ್ರಾಫ್ ಹಾಳೆ ಅಂಟಿಸಿ, ಎರಡೂ ಬದಿಯಿಂದ ಫೋಟೊ ತೆಗೆಯಿರಿ. ಒಂದೇ ಜಾಗ, ಒಂದೇ ಬೆಳಕು, ಒಂದೇ ಹೊತ್ತು. ಆಮೇಲೆ ಮೊಬೈಲಿನಲ್ಲಿ ದೊಡ್ಡದು ಮಾಡಿ ಮೈಯಲ್ಲಿ ಎಷ್ಟು ಚೌಕ, ಅದರಲ್ಲಿ ಎಷ್ಟು ಕಿತ್ತಳೆ ಎಂದು ಎಣಿಸಿ, ನೂರಕ್ಕೆ ಎಷ್ಟು ಎಂದು ಬರೆದಿಡಿ. ಉದ್ದ, ಬಾಲದ ಅಳತೆ, ಕಪ್ಪು ಬೊಟ್ಟುಗಳ ಲೆಕ್ಕವನ್ನೂ ಬರೆಯಿರಿ. ಪಕ್ಕದ ಮನೆಯ ಹುಡುಗಿ ಒಂಬತ್ತನೇ ತರಗತಿ. ಅವಳು ಗಂಡುಗಳಿಗೆ ಹೆಸರಿಡಲು ಹೊರಟಳು. ಬೇಡ, ನಂಬರೇ ಇರಲಿ ಅಂದೆ. ಹೆಸರು ಇಟ್ಟರೆ ಯಾವುದೋ ಒಂದರ ಮೇಲೆ ನಮಗೇ ಪ್ರೀತಿ ಹುಟ್ಟುತ್ತದೆ, ಅದು ಗೆಲ್ಲಲಿ ಎಂದು ಮನಸ್ಸು ಬಯಸುತ್ತದೆ.

ಹಂತ 5: ಆಯ್ಕೆಯ ಪರೀಕ್ಷೆ

ಪರೀಕ್ಷೆಯ ಟ್ಯಾಂಕಿನ ಹಿಂಬದಿಗೆ, ಎರಡು ಪಕ್ಕಕ್ಕೆ ಕಂದು ಕಾಗದ ಅಂಟಿಸಿ. ಎಡ ತುದಿಯಲ್ಲಿ ಒಂದು, ಬಲ ತುದಿಯಲ್ಲಿ ಒಂದು ಸ್ವಚ್ಛ ಗಾಜಿನ ಭರಣಿ ನಿಲ್ಲಿಸಿ. ಪ್ರತಿ ಭರಣಿಯಿಂದ 5 ಸೆಂಟಿಮೀಟರ್ ದೂರಕ್ಕೆ ಹೊರಗಿನ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಆ ಗೆರೆ ದಾಟಿ ಭರಣಿಯ ಹತ್ತಿರ ಹೋದರೆ ಮಾತ್ರ ಹೆಣ್ಣು 'ಆ ಗಂಡಿನ ಬಳಿ ಇದೆ' ಎಂದು ಲೆಕ್ಕ.

ಉದ್ದದಲ್ಲಿ ಸಮನಾದ, ಕಿತ್ತಳೆಯಲ್ಲಿ ಮಾತ್ರ ಹೆಚ್ಚುಕಡಿಮೆ ಇರುವ ಎರಡು ಗಂಡುಗಳನ್ನು ಆರಿಸಿ ಭರಣಿಗೊಂದರಂತೆ ಬಿಡಿ. ಉದ್ದ ಸಮವಿರಲೇಬೇಕು, ದೊಡ್ಡ ಗಂಡಿನ ಮೇಲೂ ಹೆಣ್ಣಿಗೆ ಒಲವಿರುವುದರಿಂದ ಯಾವುದಕ್ಕೆ ಮನಸೋತಿತು ಎಂದು ಹೇಳಲಾಗದೆ ಹೋಗುತ್ತದೆ. ನಡುವೆ ಒಂದು ಹೆಣ್ಣನ್ನು ಬಿಟ್ಟು ಹತ್ತು ನಿಮಿಷ ಅದರ ಪಾಡಿಗೆ ಇರಲು ಬಿಡಿ. ಆಮೇಲೆ ಹದಿನೈದು ನಿಮಿಷ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ಬಳಿಕ ಭರಣಿಗಳನ್ನು ಅದಲು ಬದಲು ಮಾಡಿ ಮತ್ತೆ ಹದಿನೈದು ನಿಮಿಷ. ಈ ಅದಲು ಬದಲನ್ನು ಬಿಡಲೇಬೇಡಿ. ಕೆಲವು ಹೆಣ್ಣುಗಳಿಗೆ ಗಂಡಿಗಿಂತ ಕಿಟಕಿಯ ಕಡೆಯೇ ಇಷ್ಟ. ಒಂದು ಗಂಡನ್ನು ಭರಣಿಯಲ್ಲಿ ಮುಕ್ಕಾಲು ಗಂಟೆಗಿಂತ ಹೆಚ್ಚು ಇಡಬೇಡಿ.

ಹೊತ್ತು ಮುಖ್ಯ. ಕಾಡಿನ ತೊರೆಗಳಲ್ಲಿ ಗಪ್ಪಿ ಗಂಡುಗಳ ಪ್ರಣಯ ಬೆಳಗಿನ ಮತ್ತು ಸಂಜೆಯ ಮಂದ ಬೆಳಕಿನಲ್ಲಿ ಜೋರು. ಆ ಬೆಳಕಿನಲ್ಲಿ ಹೆಣ್ಣಿಗೆ ಬಣ್ಣ ಕಾಣುತ್ತದೆ, ಬೇಟೆ ಮೀನಿಗೆ ಅಷ್ಟಾಗಿ ಕಾಣುವುದಿಲ್ಲ. ನಾನು ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ಕಿಟಕಿಯ ಬೆಳಕಿನಲ್ಲೇ ಮಾಡುತ್ತೇನೆ, ಟ್ಯೂಬ್‌ಲೈಟ್ ಹಾಕುವುದಿಲ್ಲ. ಜೂನ್ ಹತ್ತರ ನಂತರ ಮೋಡ ಮುಸುಕಿ ಬೆಳಕೇ ಬದಲಾಗುತ್ತದೆ. ಆದ್ದರಿಂದ ಇಪ್ಪತ್ತು ಹೆಣ್ಣುಗಳ ಪರೀಕ್ಷೆಯನ್ನೂ ಮಳೆಗೆ ಮುಂಚೆ ಮುಗಿಸಿ, ಇಲ್ಲವೇ ಎಲ್ಲವನ್ನೂ ಮಳೆಗಾಲದಲ್ಲೇ ಮಾಡಿ. ಬೆರೆಸಬೇಡಿ.

ವಿಡಿಯೊ ನೋಡಿ ಸೆಕೆಂಡು ಎಣಿಸುವವರಿಗೆ ಯಾವ ಭರಣಿಯಲ್ಲಿ ಯಾವ ಗಂಡು ಎಂದು ತಿಳಿದಿರಬಾರದು. ಭರಣಿಯೊಳಗಿನ ಬಣ್ಣ ಕಾಣದಂತೆ ಮೊಬೈಲಿನ ಪರದೆಯ ಎರಡು ಅಂಚಿಗೆ ಕಾಗದ ಅಂಟಿಸಿ, ಹೆಣ್ಣು ಮಾತ್ರ ಕಾಣುವಂತೆ ಮಾಡಿ ಆ ಹುಡುಗಿಯ ಕೈಗೆ ಕೊಟ್ಟೆ. ಅರ್ಧ ಗಂಟೆ ಕಳೆದ ಮೇಲೆ ಅವಳು ಅಂದ ಮಾತು ನೆನಪಿದೆ: "ಟೀಚರ್, ಇದು ಸುಮ್ಮನೆ ಓಡಾಡ್ತಿಲ್ಲ. ನಿಂತು ನೋಡ್ತದೆ, ಆಚೆ ಹೋಗ್ತದೆ, ಮತ್ತೆ ಬಂದು ನೋಡ್ತದೆ." ಅಷ್ಟರವರೆಗೆ ಅವಳಿಗೆ ಹೆಣ್ಣು ಗಪ್ಪಿ ಅಂದರೆ ಮರಿ ಹಾಕುವ ಬೂದು ಮೀನು ಅಷ್ಟೇ ಆಗಿತ್ತು.

ಲೆಕ್ಕ ಸರಳ. ಪ್ರತಿ ಹೆಣ್ಣಿಗೂ ಎರಡೂ ಸುತ್ತಿನ ಸೆಕೆಂಡು ಕೂಡಿಸಿ, ಹೆಚ್ಚು ಕಿತ್ತಳೆಯ ಗಂಡಿನ ಬಳಿ ಹೆಚ್ಚು ಹೊತ್ತು ಕಳೆದಿದೆಯೇ, ಕಡಿಮೆಯದರ ಬಳಿಯೇ ಎಂದು ಒಂದು ಗುರುತು ಹಾಕಿ. ಬಣ್ಣದ ಹಂಗೇ ಇಲ್ಲದಿದ್ದರೆ ಅದು ನಾಣ್ಯ ಚಿಮ್ಮಿದಂತೆ, ಇಪ್ಪತ್ತರಲ್ಲಿ ಸುಮಾರು ಹತ್ತು ಆ ಕಡೆ, ಹತ್ತು ಈ ಕಡೆ. ನಾಣ್ಯವನ್ನು ಇಪ್ಪತ್ತು ಸಲ ಚಿಮ್ಮಿದಾಗ 14 ಅಥವಾ ಹೆಚ್ಚು ಬಾರಿ ಹೆಡ್ ಬೀಳುವ ಸಂಭವ ನೂರಕ್ಕೆ ಸುಮಾರು 6, ಹದಿನೈದು ಅಥವಾ ಹೆಚ್ಚು ಬೀಳುವುದು ನೂರಕ್ಕೆ ಸುಮಾರು 2. ಹಾಗಾಗಿ 15 ಬಂದರೆ ಹೆಣ್ಣುಗಳಿಗೆ ನಿಜಕ್ಕೂ ಒಲವಿದೆ ಎನ್ನಲು ಧೈರ್ಯ ಬರುತ್ತದೆ. ಹನ್ನೆರಡು ಬಂದರೆ ಹನ್ನೆರಡು ಎಂದೇ ಬರೆಯಿರಿ. ಎಲ್ಲ ಊರಿನ ಗಪ್ಪಿ ಹೆಣ್ಣುಗಳಿಗೂ ಕಿತ್ತಳೆಯ ಹುಚ್ಚು ಒಂದೇ ಮಟ್ಟದಲ್ಲಿಲ್ಲ. ಗಪ್ಪಿಯ ಮೂಲನೆಲೆಗಳಲ್ಲಿ ಒಂದಾದ ಕೆರಿಬಿಯನ್ ದ್ವೀಪ ಟ್ರಿನಿಡಾಡಿನ ಬೇರೆ ಬೇರೆ ತೊರೆಗಳ ಹೆಣ್ಣುಗಳನ್ನು ಹೋಲಿಸಿದ ಸಂಶೋಧಕಿ ಆ್ಯನ್ ಹೂಡ್ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಒಂದೇ ಜೋಡಿ ಗಂಡನ್ನು ಇಪ್ಪತ್ತೂ ಸಲ ಬಳಸಬೇಡಿ, ಕನಿಷ್ಠ ಐದಾರು ಜೋಡಿ ಇರಲಿ.

ಭರಣಿಯ ಪರೀಕ್ಷೆ ಮುಗಿದ ಮೇಲೆ ಒಂದು ಹೆಣ್ಣು, ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟು ನೋಡಿ. ಗಂಡು ಹೆಣ್ಣಿನೆದುರು ಮೈಯನ್ನು ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿಸಿ ನಡುಗುತ್ತದೆ. ಹೆಣ್ಣು ಒಪ್ಪಿದರೆ ಬಾಲ ಬಡಿಯದೆ, ಜಾರಿದಂತೆ ನಯವಾಗಿ ಅದರ ಕಡೆ ತೇಲಿ ಬರುತ್ತದೆ. ಒಮ್ಮೆ ನೋಡಿದರೆ ಮರೆಯಲಾರಿರಿ. ಇನ್ನೊಂದು ಬಗೆಯೂ ಇದೆ: ನಾಟ್ಯವೇ ಇಲ್ಲದೆ ಹಿಂದಿನಿಂದ ಬಂದು ಕಡ್ಡಿ ಚುಚ್ಚಿ ಓಡುವುದು. ಈ ಕಳ್ಳದಾರಿ ಇರುವುದರಿಂದ ಹೆಣ್ಣಿನ ಆಯ್ಕೆಗೆ ಬೆಲೆಯೇ ಇಲ್ಲ ಎಂದುಕೊಳ್ಳಬೇಡಿ. ಇಟಲಿಯ ಆಂದ್ರೆಯಾ ಪಿಲಾಸ್ತ್ರೊ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ಕೂಡುವಾಗಲೂ ಹೆಣ್ಣು ತನಗೆ ಹಿಡಿಸಿದ ಗಂಡಿನ ವೀರ್ಯವನ್ನು ಹೆಚ್ಚು ಒಳಗಿಟ್ಟುಕೊಳ್ಳುತ್ತದೆ.

ಹಂತ 6: ಕಿತ್ತಳೆಯೇ ಯಾಕೆ?

ಮನೆಯಲ್ಲಿ ಪರೀಕ್ಷಿಸಬಹುದಾದ ಉತ್ತರ ಎರಡಿವೆ.

ಮೊದಲನೆಯದು ಹೊಟ್ಟೆಯದ್ದು. ಟ್ರಿನಿಡಾಡಿನ ತೊರೆಗಳಿಗೆ ಕಾಡಿನ ಮರಗಳಿಂದ ಕಿತ್ತಳೆ ಬಣ್ಣದ ಹಣ್ಣು ಬೀಳುತ್ತದೆ, ಗಪ್ಪಿಗಳು ಮುಗಿಬಿದ್ದು ತಿನ್ನುತ್ತವೆ. ಹೆಲೆನ್ ರಾಡ್ ಮತ್ತು ಸಂಗಡಿಗರು ಬಣ್ಣ ಬಣ್ಣದ ಬಿಲ್ಲೆಗಳನ್ನು ನೀರಿಗಿಟ್ಟು ನೋಡಿದರು. ಗಂಡು, ಹೆಣ್ಣು ಎರಡೂ ಕಿತ್ತಳೆ ಬಿಲ್ಲೆಯನ್ನು ಹೆಚ್ಚು ಕುಟ್ಟಿದವು. ಯಾವ ತೊರೆಯ ಮೀನುಗಳಿಗೆ ಬಿಲ್ಲೆಯ ಮೇಲೆ ಹೆಚ್ಚು ಸೆಳೆತವೋ ಅಲ್ಲಿಯ ಹೆಣ್ಣುಗಳಿಗೆ ಕಿತ್ತಳೆ ಗಂಡಿನ ಮೇಲೂ ಹೆಚ್ಚು ಒಲವು. ಇದು 2002ರಲ್ಲಿ ಪ್ರಕಟವಾದ ಕೆಲಸ. ಮನೆಯಲ್ಲಿ ಮಾಡುವುದು ಬಲು ಸುಲಭ: ಕಡಲೆಬೇಳೆಯಷ್ಟು ದೊಡ್ಡ ಕಾಗದದ ಬಿಲ್ಲೆಗಳನ್ನು ಗೊಂಡೆ ಹೂವಿನ ಬಣ್ಣ, ಹಸಿರು, ನೀಲಿ, ಬಿಳಿಯಲ್ಲಿ ಕತ್ತರಿಸಿ ಟ್ಯಾಂಕಿನ ಹೊರಗಾಜಿಗೆ ಅಂಟಿಸಿ. ಹತ್ತು ನಿಮಿಷದಲ್ಲಿ ಯಾವುದನ್ನು ಎಷ್ಟು ಸಲ ಕುಟ್ಟುತ್ತವೆ ಎಣಿಸಿ. ಜಾಗ ಬದಲಿಸಿ ಮತ್ತೆ ಎಣಿಸಿ. ಮೀನುಗಳು ಹಸಿದಿರುವ ಬೆಳಿಗ್ಗೆ ಒಮ್ಮೆ, ತಿಂದ ಮೇಲೆ ಒಮ್ಮೆ ಮಾಡಿ ನೋಡಿ.

ಒಲವು ಮೊದಲು, ಅಲಂಕಾರ ಆಮೇಲೆ ಎನ್ನುವ ಈ ವಿಚಾರಕ್ಕೆ ಬಲವಾದ ಪುರಾವೆ ಪ್ಲಾಟಿ ಮೀನಿನದು. ಪ್ಲಾಟಿ ಗಂಡಿಗೆ ಕತ್ತಿಬಾಲವಿಲ್ಲ. ಅಲೆಕ್ಸಾಂಡ್ರ ಬಸೋಲೊ ಪ್ಲಾಟಿ ಗಂಡುಗಳಿಗೆ ಪ್ಲಾಸ್ಟಿಕ್ಕಿನ ಕತ್ತಿಬಾಲ ಜೋಡಿಸಿದಾಗ ಪ್ಲಾಟಿ ಹೆಣ್ಣುಗಳು ಅವನ್ನೇ ಮೆಚ್ಚಿದವು. 1990ರಲ್ಲಿ ಬಂದ ಈ ಫಲಿತಾಂಶ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ತಮ್ಮ ಜಾತಿಯಲ್ಲಿ ಇಲ್ಲದ ಅಲಂಕಾರಕ್ಕೆ ಆ ಹೆಣ್ಣುಗಳ ಕಣ್ಣು ಮೊದಲೇ ತಯಾರಾಗಿತ್ತು. ಮೀನಿನ ಮೈಗೆ ಹೀಗೆ ಏನನ್ನೂ ಜೋಡಿಸುವ ಕೆಲಸ ಮನೆಯಲ್ಲಿ ಖಂಡಿತ ಬೇಡ.

ಎರಡನೆಯದು ಆರೋಗ್ಯದ ಉತ್ತರ. ಗಪ್ಪಿಯ ಕಿತ್ತಳೆಯಲ್ಲಿ ಎರಡು ವರ್ಣದ್ರವ್ಯ ಬೆರೆತಿವೆ. ಡ್ರೋಸೊಪ್ಟೆರಿನ್ ಅನ್ನು ಮೀನೇ ತಯಾರಿಸುತ್ತದೆ. ಕ್ಯಾರೊಟಿನಾಯ್ಡನ್ನು ತಯಾರಿಸಲಾರದು, ಪಾಚಿ ಮುಂತಾದ ಆಹಾರದಿಂದಲೇ ಪಡೆಯಬೇಕು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಕೆಂಪೂ ಗಜ್ಜರಿಯ ಬಣ್ಣವೂ ಇದೇ ಜಾತಿಯವು. ಚೆನ್ನಾಗಿ ಮೇಯಬಲ್ಲ, ರೋಗವಿಲ್ಲದ ಗಂಡಿಗೇ ಬಣ್ಣ ದಟ್ಟ. ಗೈರೊಡ್ಯಾಕ್ಟಿಲಸ್ ಎಂಬ ಪರಾವಲಂಬಿ ಹತ್ತಿದ ಗಂಡಿನ ಕಿತ್ತಳೆ ಮಂಕಾಗಿ, ಹೆಣ್ಣುಗಳ ಒಲವೂ ಇಳಿಯುವುದನ್ನು 1992ರಲ್ಲಿ ಆ್ಯನ್ ಹೂಡ್ ಮತ್ತು ಆ್ಯಮಿ ಟೊರಿಯೊ ತೋರಿಸಿದರು. ಅದಕ್ಕೂ ಮೊದಲು, 1989ರಲ್ಲಿ, ಆಸ್ಟ್ರಿಡ್ ಕೊಡ್ರಿಕ್ ಬ್ರೌನ್ ಒಡಹುಟ್ಟಿದ ಗಂಡುಗಳನ್ನೇ ಎರಡು ಪಾಲು ಮಾಡಿ, ಒಂದಕ್ಕೆ ಕ್ಯಾರೊಟಿನಾಯ್ಡ್ ಇರುವ ಆಹಾರ, ಇನ್ನೊಂದಕ್ಕೆ ಇಲ್ಲದ್ದು ಕೊಟ್ಟಿದ್ದರು. ಹೆಣ್ಣುಗಳು ಬಣ್ಣದ ಆಹಾರ ತಿಂದವನ್ನು ಮೆಚ್ಚಿದವು.

ಇದನ್ನು ನಾವೂ ಮಾಡಬಹುದು. ಒಂದೇ ತಾಯಿಯ ಒಂದೇ ಸೂಲಿನ ಗಂಡುಮರಿಗಳನ್ನು ಎರಡು ಟಬ್ಬಿಗೆ ಸಮನಾಗಿ ಹಂಚಿ. ಎರಡಕ್ಕೂ ಬೇಯಿಸಿದ ಮೊಟ್ಟೆಯ ಬಿಳಿ ಮತ್ತು ಗೋಧಿಹಿಟ್ಟಿನ ಮುದ್ದೆ ಮೂಲ ಆಹಾರ. ಒಂದು ಟಬ್ಬಿನ ಮುದ್ದೆಗೆ ಮಾತ್ರ ಬೇಯಿಸಿ ನುಣ್ಣಗೆ ಅರೆದ ಗಜ್ಜರಿ ಸೇರಿಸಿ. ಸೀಗಡಿ ಪುಡಿ ಹಾಕಬೇಡಿ, ಅದರಿಂದ ಬಣ್ಣದ ಜೊತೆ ಪ್ರೋಟೀನೂ ಹೆಚ್ಚುತ್ತದೆ. ಆಮೇಲೆ ವ್ಯತ್ಯಾಸ ಯಾವುದರಿಂದ ಬಂತು ಎನ್ನಲಾಗದು. ಗಾಜಿನ ಮೇಲಿನ ಪಾಚಿಯನ್ನು ಎರಡರಲ್ಲೂ ದಿನವೂ ಒರೆಸಿ, ಅದೂ ಬಣ್ಣದ ಮೂಲವೇ. ಆರು ವಾರ ಸಾಕು. ಬಿಳಿ ಮುದ್ದೆ ಪೂರ್ಣಾಹಾರವಲ್ಲ, ಅದಕ್ಕಿಂತ ಹೆಚ್ಚು ದಿನ ಎಳೆಯಬೇಡಿ. ಅಣ್ಣ ತಮ್ಮಂದಿರ ಚುಕ್ಕೆಯ ಗಾತ್ರ ಹೆಚ್ಚುಕಡಿಮೆ ಒಂದೇ ಇದ್ದು, ಗಾಢತೆ ಬೇರೆಯಾಗುವುದನ್ನು ಫೋಟೊದಲ್ಲಿ ಹೋಲಿಸಿ. ಬಣ್ಣ ಪೂರ್ತಿ ಮಾಯವಾಗದು, ಡ್ರೋಸೊಪ್ಟೆರಿನ್ ಇದ್ದೇ ಇರುತ್ತದೆ. ಬಳಿಕ ಆ ಸಹೋದರರನ್ನೇ ಭರಣಿಗಳಲ್ಲಿಟ್ಟು ಐದನೇ ಹಂತವನ್ನು ಮತ್ತೆ ಮಾಡಿ.

ಹೆಣ್ಣಿನ ಒಲವು ಕಲ್ಲಿನ ಮೇಲೆ ಕೊರೆದದ್ದಲ್ಲ ಎನ್ನುವುದನ್ನೂ ಹೇಳಬೇಕು. ಇನ್ನೊಂದು ಹೆಣ್ಣು ಯಾವ ಗಂಡಿನ ಬಳಿ ನಿಂತಿತ್ತೋ ಅದನ್ನೇ ತಾನೂ ಮೆಚ್ಚುವ ಚಾಳಿ ಗಪ್ಪಿಗಿದೆ. 1992ರಲ್ಲಿ ಲೀ ಡುಗಾಟ್ಕಿನ್ ಇದನ್ನು ತೋರಿಸಿದರು. ಆದ್ದರಿಂದ ಪರೀಕ್ಷೆ ನಡೆಯುವಾಗ ಉಳಿದ ಹೆಣ್ಣುಗಳಿಗೆ ಅದು ಕಾಣದಂತೆ ಟ್ಯಾಂಕಿಗೆ ಬಟ್ಟೆ ಮುಚ್ಚಿ. ಅಪರೂಪದ ವಿನ್ಯಾಸದ ಗಂಡಿಗೂ ಲಾಭವಿದೆ. ಕಿಂಬರ್ಲಿ ಹ್ಯೂಸ್ ತಂಡ ಕಾಡಿನ ಮಡುಗಳಲ್ಲೇ ಇದನ್ನು ಪರೀಕ್ಷಿಸಿ, ಅಪರೂಪದ ಗಂಡುಗಳಿಗೆ ಹೆಚ್ಚು ಸಂಗಾತಿ, ಹೆಚ್ಚು ಮರಿ ಎಂದು 2013ರಲ್ಲಿ ವರದಿ ಮಾಡಿತು. ಬಕೆಟ್ಟಿನ ಹತ್ತು ಗಂಡು ಹತ್ತು ಬಗೆಯಾಗಿರುವುದಕ್ಕೆ ಇದು ಒಂದು ಕಾರಣ.

ಹೆಣ್ಣಿನ ಆಯ್ಕೆಗೆ ಅಡ್ಡ ನಿಂತವರು

ಹೆಣ್ಣಿಗೆ ಬಣ್ಣ ಇಷ್ಟವಾದರೆ ಗಂಡುಗಳೆಲ್ಲ ಯಾಕೆ ಉರಿಯುವ ಕಿತ್ತಳೆಯಾಗಿಲ್ಲ? ಇದಕ್ಕೆ ಉತ್ತರ ಮನೆಯ ಟ್ಯಾಂಕಿನಲ್ಲಿ ಸಿಗದು. ಬೇಟೆ ಮೀನು ತಂದು ಗಪ್ಪಿಗಳನ್ನು ತಿನ್ನಿಸಿ ನೋಡುವುದನ್ನು ನಾನು ಒಪ್ಪುವುದಿಲ್ಲ. ಟ್ರಿನಿಡಾಡಿನ ಕಥೆಯನ್ನು ಹೇಳುತ್ತೇನೆ.

ಅಲ್ಲಿಯ ಉತ್ತರದ ಬೆಟ್ಟಸಾಲಿನಿಂದ ಇಳಿಯುವ ತೊರೆಗಳಲ್ಲಿ ಜಲಪಾತಗಳಿವೆ. ಜಲಪಾತದ ಕೆಳಗೆ ಪೈಕ್ ಸಿಕ್ಲಿಡ್ ಎಂಬ ಬೇಟೆಗಾರ ಮೀನು. ಅದು ಮೇಲೇರಲಾರದು. ಮೇಲಿನ ಮಡುಗಳಲ್ಲಿರುವ ಶತ್ರು ರಿವ್ಯುಲಸ್ ಎಂಬ ಸಣ್ಣ ಮೀನು, ಅದರಿಂದ ಅಂಥ ಅಪಾಯವಿಲ್ಲ. ಕೆಳಗಿನ ಗಪ್ಪಿ ಗಂಡುಗಳು ಮಂಕು, ಮೇಲಿನವು ವರ್ಣಮಯ. ಜೀವವಿಜ್ಞಾನಿ ಜಾನ್ ಎಂಡ್ಲರ್ ಅಮೆರಿಕದ ಪ್ರಿನ್ಸ್‌ಟನ್‌ನ ಹಸಿರುಮನೆಯಲ್ಲಿ ಹತ್ತು ಕೊಳ ಕಟ್ಟಿದರು. ಕೆಲವಕ್ಕೆ ಪೈಕ್ ಸಿಕ್ಲಿಡ್, ಕೆಲವಕ್ಕೆ ರಿವ್ಯುಲಸ್, ಎರಡಕ್ಕೆ ಯಾವ ಶತ್ರುವೂ ಇಲ್ಲ. ಕೊಳದ ತಳಕ್ಕೆ ಕೆಲವೆಡೆ ಸಣ್ಣ ಜಲ್ಲಿ, ಕೆಲವೆಡೆ ದಪ್ಪ ಜಲ್ಲಿ. ಕೆಲವೇ ಪೀಳಿಗೆಗಳಲ್ಲಿ ಪೈಕ್ ಸಿಕ್ಲಿಡ್ ಇದ್ದ ಕೊಳದ ಗಂಡುಗಳ ಚುಕ್ಕೆ ಕಡಿಮೆಯಾಗಿ, ಜಲ್ಲಿಯ ಗಾತ್ರಕ್ಕೆ ಹೊಂದಿಕೊಂಡು ಅಡಗಿಹೋಯಿತು. ಉಳಿದೆಡೆ ಚುಕ್ಕೆ ಹೆಚ್ಚಿತು, ಜಲ್ಲಿಗೆ ಹೊಂದದೆ ಎದ್ದು ಕಾಣುವಂತಾಯಿತು. ಅಲ್ಲಿ ತೀರ್ಪು ಹೆಣ್ಣಿನದು.

ಇನ್ನೊಂದು ಪ್ರಯೋಗದಲ್ಲಿ ಎಂಡ್ಲರ್ 1976ರಲ್ಲಿ ಟ್ರಿನಿಡಾಡಿನ ಅರಿಪೊ ನದಿಯ ಕೆಳಭಾಗದಿಂದ 200 ಗಪ್ಪಿಗಳನ್ನು ಹಿಡಿದು, ಗಪ್ಪಿಯೂ ಪೈಕ್ ಸಿಕ್ಲಿಡ್ಡೂ ಇಲ್ಲದ ಮೇಲಿನ ಉಪತೊರೆಯೊಂದಕ್ಕೆ ಬಿಟ್ಟರು. ಸುಮಾರು ಎರಡು ವರ್ಷ ಕಳೆದು ಹೋಗಿ ನೋಡಿದರೆ ಆ ಮಂಕು ಗಂಡುಗಳ ಸಂತಾನ ಬಣ್ಣ ತುಂಬಿಕೊಂಡಿತ್ತು. ಎಂಡ್ಲರ್ 1980ರಲ್ಲಿ ಇವೆರಡನ್ನೂ ಪ್ರಕಟಿಸಿದರು. ಡೇವಿಡ್ ರೆಜ್ನಿಕ್ ಅದೇ ಮೀನುಗಳ ಬೆನ್ನುಹತ್ತಿ, 11 ವರ್ಷ, ಅಂದರೆ 30ರಿಂದ 60 ಪೀಳಿಗೆಯೊಳಗೆ, ಅವು ತಡವಾಗಿ ಬಲಿತು, ಕಡಿಮೆ ಸಂಖ್ಯೆಯಲ್ಲಿ ದೊಡ್ಡ ಮರಿಗಳನ್ನು ಹಾಕುವಂತಾದುದನ್ನು 1990ರಲ್ಲಿ ವರದಿ ಮಾಡಿದರು. ವಿಕಾಸವೆಂದರೆ ಯಾರ ಕಣ್ಣಿಗೂ ಬೀಳದ ಕಾಲದ ಮಾತು ಎಂದವರಿಗೆ ನಾನು ಈ ಹನ್ನೊಂದು ವರ್ಷದ ಕಥೆ ಹೇಳುತ್ತೇನೆ. ಒಂದು ಮಗು ಶಾಲೆ ಸೇರಿ ಹತ್ತನೇ ತರಗತಿ ಮುಗಿಸುವಷ್ಟು ಹೊತ್ತು.

ಹಂತ 7: ಅಪ್ಪನ ಚುಕ್ಕೆ ಮಗನಿಗೆ

ಆಯ್ಕೆಯಿಂದ ವಿಕಾಸ ಆಗಬೇಕಾದರೆ ಆರಿಸಿದ ಗುಣ ವಂಶದಲ್ಲಿ ಹರಿಯಬೇಕು. ಗಪ್ಪಿಯಲ್ಲಿ ಇದು ಎಷ್ಟು ಸ್ಪಷ್ಟವೆಂದರೆ, ಗುಣವೊಂದು ಅಪ್ಪನಿಂದ ಮಗನಿಗೆ ಮಾತ್ರ ದಾಟುವುದನ್ನು ತೋರಿಸಿದ ಮೊದಮೊದಲ ಪ್ರಾಣಿಗಳಲ್ಲಿ ಇದೂ ಒಂದು. ಡೆನ್ಮಾರ್ಕಿನ ಯೊಹಾನೆಸ್ ಸ್ಮಿತ್ 1920ರಲ್ಲಿ ಮತ್ತು ಅಯ್ವಿಂದ್ ವಿಂಗೆ 1922ರಲ್ಲಿ, ಹಲವು ಬಣ್ಣದ ಗುಣಗಳು ಗಂಡಿನಲ್ಲಿ ಮಾತ್ರ ಇರುವ ವೈ ವರ್ಣತಂತುವಿನ ಮೇಲೆ ಕೂತು ಸಾಗುತ್ತವೆ ಎಂದು ತೋರಿಸಿದರು.

ಪರೀಕ್ಷೆ ಮುಗಿದ, ಗಂಡನ್ನು ಕಾಣದೆ ಬೆಳೆದ ನಾಲ್ಕು ಹೆಣ್ಣುಗಳನ್ನು ಆರಿಸಿ, ಒಂದೊಂದನ್ನು ಒಂದೊಂದು ಗಂಡಿನ ಜೊತೆ ಬೇರೆ ಟಬ್ಬಿನಲ್ಲಿ ಒಂದು ವಾರ ಬಿಡಿ. ಆಮೇಲೆ ಗಂಡನ್ನು ತೆಗೆಯಿರಿ. ಹುಟ್ಟಿದ ಗಂಡುಮರಿಗಳು ಬಣ್ಣ ತುಂಬಿಕೊಂಡ ಮೇಲೆ ಫೋಟೊ ತೆಗೆದು ಅಪ್ಪನ ಜಾತಕದ ಪಕ್ಕ ಅಂಟಿಸಿ. ಹೆಗಲ ಮೇಲಿನ ಕಪ್ಪು ಬೊಟ್ಟು, ಬಾಲದ ಬುಡದ ಕಿತ್ತಳೆ ಪಟ್ಟಿ ಮಗನ ಮೈಯಲ್ಲಿ ಅದೇ ಜಾಗದಲ್ಲಿ ಮೂಡುವುದನ್ನು ನೋಡಿದಾಗ ಆ ಹುಡುಗಿ ಎರಡು ಫೋಟೊವನ್ನೂ ಹಿಡಿದು ಅಡುಗೆಮನೆಗೆ ಓಡಿಹೋಗಿ ನಮ್ಮ ಅತ್ತೆಗೆ ತೋರಿಸಿದಳು. ಎಲ್ಲವೂ ಅಪ್ಪನಿಂದಲೇ ಬರುವುದಿಲ್ಲ. ತಾಯಿಯ ಕಡೆಯಿಂದ ಬರುವ ಬಣ್ಣಗಳೂ ಇವೆ, ಹೆಣ್ಣಿನ ಮೈಯಲ್ಲಿ ಅವು ಕಾಣುವುದಿಲ್ಲ ಅಷ್ಟೇ.

ಒಂದೇ ಟ್ಯಾಂಕಿನಲ್ಲಿ ನಾಲ್ಕು ಪೀಳಿಗೆ ಬೆಳೆಸಿ 'ಕಿತ್ತಳೆ ಹೆಚ್ಚಿತು, ವಿಕಾಸ ಕಂಡೆ' ಎಂದು ಬರೆಯುವ ಅವಸರ ಮಾಡಬೇಡಿ. ಇಪ್ಪತ್ತು ಮೂವತ್ತು ಮೀನಿನ ಗುಂಪಿನಲ್ಲಿ ಬರೀ ಆಕಸ್ಮಿಕದಿಂದಲೂ ಬಣ್ಣ ಹೆಚ್ಚಬಹುದು, ಕಡಿಮೆಯಾಗಬಹುದು. ಕನಿಷ್ಠ ಮೂರು ಟ್ಯಾಂಕ್ ಒಂದೇ ರೀತಿ ನಡೆಸಿ, ಮೂರರಲ್ಲೂ ಒಂದೇ ದಿಕ್ಕಿಗೆ ಹೊರಳಿದರೆ ಮಾತ್ರ ಆ ಮಾತಿಗೆ ಬಲ ಬರುತ್ತದೆ. ಒಡಹುಟ್ಟಿದವೇ ಕೂಡುತ್ತಾ ಹೋದರೆ ಬೆನ್ನು ಬಾಗಿದ ಮರಿ ಹುಟ್ಟುತ್ತವೆ. ಹಾಗಾಗಿ ಗೆಳೆಯರ ಮನೆಯಿಂದ ಆಗಾಗ ಹೊಸ ಹೆಣ್ಣು ತನ್ನಿ.

ಹಂತ 8: ಹೆಚ್ಚಾದ ಮೀನುಗಳು

ವರ್ಷ ಮುಗಿಯುವಷ್ಟರಲ್ಲಿ ಮೀನು ನೂರು ದಾಟುತ್ತದೆ. ಒಂದನ್ನೂ ಪವಾಯಿ ಕೆರೆಗೆ, ನಾಲೆಗೆ, ರಜೆಯಲ್ಲಿ ಊರಿಗೆ ಹೋದಾಗ ತೋಟದ ಹಳ್ಳಕ್ಕೆ ಬಿಡಬೇಡಿ. ಗಪ್ಪಿ ನಮ್ಮ ನಾಡಿನದಲ್ಲ, ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಅದರ ಪಕ್ಕದ ಟ್ರಿನಿಡಾಡಿನಂಥ ದ್ವೀಪಗಳದ್ದು. ಒಂದೇ ಒಂದು ಬಸಿರು ಹೆಣ್ಣು ಹೊಸ ನೀರಿನಲ್ಲಿ ಸಂಸಾರ ಹೂಡಬಲ್ಲದು, ಅದರ ಹೊಟ್ಟೆಯೊಳಗಿನ ವೀರ್ಯದ ಸಂಗ್ರಹ ಅದಕ್ಕೆ ಸಾಕು. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ನೆತ್ತಿಯ ಮೇಲೆ ಹೊಳೆಯುವ ಚುಕ್ಕೆ ಹೊತ್ತು ಮೇಲ್ನೀರಿನಲ್ಲಿ ತೇಲುವ ನಮ್ಮದೇ ಮೀನುಗಳಿವೆ. ಸೊಳ್ಳೆ ಮರಿ ತಿನ್ನುವ ಕೆಲಸವನ್ನು ಅವು ಮೊದಲಿನಿಂದಲೂ ಮಾಡುತ್ತಿವೆ. ಅವುಗಳ ಪಾಲಿನ ಆಹಾರಕ್ಕೆ ನಾವು ಹೊಸ ಪಾಲುದಾರರನ್ನು ಕಳಿಸಬಾರದು.

ಹೆಣ್ಣು, ಗಂಡುಗಳನ್ನು ಬೇರೆ ಬೇರೆ ಇಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಉಳಿದವನ್ನು ಶಾಲೆಗಳಿಗೆ, ಮೀನು ಸಾಕುವ ಪರಿಚಯದವರಿಗೆ ಕೊಡಿ. ನಾನು ಪ್ರತಿ ಚೀಲದ ಮೇಲೆ ಒಂದು ಚೀಟಿ ಅಂಟಿಸುತ್ತೇನೆ: ಹುಟ್ಟಿದ ದಿನಾಂಕ, ತಾಯಿಯ ನಂಬರು, ಅಪ್ಪನ ನಂಬರು, ಹೆಣ್ಣಾದರೆ ಗಂಡಿನ ಜೊತೆ ಇತ್ತೇ ಇಲ್ಲವೇ. ಹೋದ ತಿಂಗಳು ಆ ಹುಡುಗಿ ತನ್ನ ಮನೆಗೆಂದು ಆರು ಮೀನು ಕೇಳಿದಳು. ಬಣ್ಣದ ಗಂಡುಗಳ ಟ್ಯಾಂಕಿನ ಮುಂದೆ ಅವಳು ನಿಲ್ಲಲಿಲ್ಲ. ನೇರ ಬೂದು ಹೆಣ್ಣುಗಳ ಟ್ಯಾಂಕಿಗೆ ಹೋಗಿ, ಭೂತಗನ್ನಡಿ ಎತ್ತಿಕೊಂಡು, ಒಂದೊಂದನ್ನೇ ನೋಡತೊಡಗಿದಳು.